ಯೆಜ್ಡಿಯಲ್ಲಿ ಮೈಸೂರಿಂದ ಮಂಗಳೂರಿಗೆ: ಘಟ್ಟ ಇಳಿಯುವ ಮುಂಚೆ

ಹಳೇ ಯೆಜ್ಡಿ ಟು-ಸ್ಟ್ರೋಕ್ ಬೈಕಿಗೆ ಜೀವ ತುಂಬಿಸಿದವರು ಸಾಮಾನ್ಯವಾಗಿ ಕೇಳುವುದು, ಇದರಲ್ಲಿ ಘಟ್ಟ ಹತ್ತಬಹುದಾ ಅಂತ. ಧಾರಾಳವಾಗಿ ಹತ್ತಬಹುದು. ಹುಷಾರಾಗಿರಬೇಕಾದ್ದು ಇಳಿಯುವಾಗ. ನಾನು ನನ್ನ ಯೆಜ್ಡಿ ಕ್ಲಾಸಿಕ್‌ನಲ್ಲಿ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾರಿ ಹಿಡಿದು ಮಂಗಳೂರಿಗೆ ಹೋದೆ. ಸುಮಾರು 250 ಕಿ.ಮೀ. ಆಗುತ್ತದೆ.

ಈ ಗಾಡಿ ತಯಾರಿಸುತ್ತಿದ್ದ, ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಅಂದ್ರೆ ನಿಮ್ಮ ಗಾಡಿ ಎಷ್ಟೇ ಹೊಸದಾದರೂ ಮೂವತ್ತರ ಆಸುಪಾಸು. ಹಾಗಾಗಿ ಪೇಂಟು, ಕ್ರೋಮಿಗೆ ದುಡ್ಡು ಸುರಿಯುವ ಮೊದಲು ಇಂಜಿನ್ ಬಿಚ್ಚಿಸಿ. ಕ್ರ್ಯಾಂಕಿನ ಆಯಿಲ್ ಸೀಲ್‌ಗಳನ್ನು ಕಣ್ಣು ಮುಚ್ಚಿಕೊಂಡು ಬದಲಾಯಿಸಿ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಬಾಕ್ಸಿನ ಆಯಿಲನ್ನೇ ಇಂಜಿನ್ ಕುಡಿಯುತ್ತದೆ. ಹೊಗೆ ಜಾಸ್ತಿ ಬರುತ್ತದೆ, ನಾವು ಸುಮ್ನೆ ಕಾರ್ಬುರೇಟರ್ ತಿರುವುತ್ತಾ ಕೂರುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ಪೆಟ್ರೋಲ್ ಪೈಪು, ವಾಷರ್‌ಗಳನ್ನೂ ಬಿಸಾಡಿ ಹೊಸದು ಹಾಕಿಸಿ.

ಆರ್‌ಸಿಯನ್ನೂ ಒಮ್ಮೆ ತೆಗೆದು ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು.

ಬ್ಯಾಗಿನಲ್ಲಿ ಎರಡು ಸ್ಪಾರ್ಕ್ ಪ್ಲಗ್, ಪಾಯಿಂಟ್ ಸೆಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್ಚು), ಕಂಡೆನ್ಸರ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಫ್ಯೂಸ್ ಇರಲಿ. ಸಂದು ಅಳೆಯುವ ಫೀಲರ್ ಗೇಜ್ ಮರೆಯಬೇಡಿ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಹತ್ತಿರ ಇದ್ದರೆ ಒಂದೆರಡು ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲಿಗೆ ಬೆರೆಸುವ ಟು-ಟಿ ಆಯಿಲನ್ನೂ ಮನೆಯಿಂದಲೇ ಒಯ್ಯಿರಿ. ಮೊದಲಿನ ಹಾಗೆ ಬಂಕಿನಲ್ಲಿ ಪೆಟ್ರೋಲ್ ಪಕ್ಕದಲ್ಲೇ ಆಯಿಲ್ ಪಂಪ್ ಕಾಣುವುದು ಅಪರೂಪ. ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ. ಮೊದಲು ಆಯಿಲ್, ಮೇಲಿಂದ ಪೆಟ್ರೋಲ್, ಆಮೇಲೆ ಗಾಡಿಯನ್ನು ಆಚೀಚೆ ಅಲ್ಲಾಡಿಸಿ. ಬಂಕಿನ ಹುಡುಗರು ಹೊಸ ತಲೆಮಾರಿನವರು, ಬಾಟಲಿ ಕಂಡು "ಏನ್ ಸಾರ್ ಅದು" ಅಂತಾರೆ. ಹಿಂದೆ ನಿಂತವನು ಹಾರ್ನ್ ಮಾಡಿದರೂ ಅವಸರ ಬೇಡ.

ಮಡಿಕೇರಿವರೆಗಿನ 120 ಕಿ.ಮೀ.ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಗಂಟೆಗೆ 55-60ರಲ್ಲಿ ಓಡಿಸಿ. ಕುಶಾಲನಗರದಲ್ಲಿ ತಿಂಡಿ ಮುಗಿಸಿ. ಏರು ಬಂದಾಗ ಗೇರ್ ಇಳಿಸುವುದಕ್ಕೆ ಜಿಪುಣತನ ಮಾಡಬೇಡಿ.

ಮಡಿಕೇರಿ ದಾಟಿದ ಮೇಲೆ ಅಸಲಿ ಕೆಲಸ. ಈ ಇಂಜಿನ್‌ಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಗೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನ ಹಿಡಿತದಲ್ಲೇ ಗಾಡಿ ಇಳಿಸುತ್ತಾ ಹೋದರೆ ಪಿಸ್ಟನ್ ರಭಸವಾಗಿ ಓಡುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹನಿ ಹನಿ. ಆಯಿಲೂ ಅಷ್ಟೇ. ಪಿಸ್ಟನ್ ಜಾಮ್ ಆಗುವುದು ಹೀಗೆ. ನನ್ನ ಗಾಡಿ ಕಟ್ಟಿಕೊಟ್ಟ ಹಿರಿಯ ಮೆಕ್ಯಾನಿಕ್ ಬೀಳ್ಕೊಡುವಾಗ ಹೇಳಿದ್ದು ಇಷ್ಟೇ: "ಸ್ವಾಮೀ, ಇಳಿಜಾರಲ್ಲಿ ಗಾಡೀನ ಉಪವಾಸ ಕೆಡವಬೇಡಿ."

ಹಾಗಂತ ನ್ಯೂಟ್ರಲ್ ಮಾಡಿ ಬಿಡುವುದು ಇನ್ನೂ ಅಪಾಯ. ಡ್ರಮ್ ಬ್ರೇಕು ಕಾದರೆ ಹಿಡಿಯುವುದೇ ಇಲ್ಲ. ನಾನು ಮಾಡಿದ್ದು ಇದು. ಎರಡು, ಮೂರನೇ ಗೇರಿನಲ್ಲಿ ಇಳಿಯುವುದು, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದು, ಸ್ವಲ್ಪ ಸ್ವಲ್ಪ ದೂರಕ್ಕೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಮ್ಮೆ ತಿರುವಿ ಬಿಡುವುದು. ಹಿಂದಿನಿಂದ ನೀಲಿ ಹೊಗೆ ಒಂದಿಷ್ಟು ಬಂದರೆ ಆಯಿಲ್ ಹೋಗುತ್ತಿದೆ ಅಂತ ಅರ್ಥ. ಜೋಡುಪಾಲದ ಬಳಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ತುದಿ ಕಾಫಿ ಬಣ್ಣಕ್ಕಿತ್ತು, ಹಾಗೇ ಇರಬೇಕು. ಬೆಳ್ಳಗಿದ್ದರೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ, ಮುಂದೆ ಹೋಗಬೇಡಿ. ಕಪ್ಪಗೆ ಜಿಡ್ಡಾಗಿದ್ದರೆ ಒರೆಸಿಕೊಂಡು ಹೊರಡಬಹುದು.

ಮಳೆಗಾಲದಲ್ಲಿ ಈ ದಾರಿ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಇದೇ ಜೋಡುಪಾಲ, ಮದೆನಾಡು ಕಡೆ. ಅದೂ ಅಲ್ಲದೆ ಪಾಯಿಂಟಿಗೆ ನೀರು ಹೋದರೆ ಗಾಡಿ ತಳ್ಳಬೇಕಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೇದು.

ಸುಳ್ಯದಿಂದ ಆಚೆ ಸೆಕೆ. ಅಲ್ಲೊಂದು ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ, ನೀವೂ ಏನಾದ್ರೂ ಕುಡಿಯಿರಿ. ಮಾಣಿಯಲ್ಲಿ ಬೆಂಗಳೂರು ಹೆದ್ದಾರಿ ಸೇರಿಕೊಂಡರೆ ಲಾರಿ, ಟ್ಯಾಂಕರ್‌ಗಳ ಸಾಲು. ಆರು ವೋಲ್ಟಿನ ಹೆಡ್‌ಲೈಟ್ ಅಲ್ಲಿ ಲೆಕ್ಕಕ್ಕೇ ಇಲ್ಲ. ಬೆಳಿಗ್ಗೆ ಆರಕ್ಕೆಲ್ಲ ಮೈಸೂರು ಬಿಡಿ, ಕತ್ತಲಾಗುವ ಮುಂಚೆ ಮಂಗಳೂರು ಸೇರುತ್ತೀರಿ. ತಡವಾಯಿತು ಅನ್ನಿಸಿದರೆ ಪುತ್ತೂರಿನಲ್ಲೇ ರೂಮ್ ಮಾಡಿ.