33 ಪಾಯಿಂಟ್ ಎಲ್ಲಿ ಹಾಕೋದು?

14 ಜುಲೈ 2024, ಭಾನುವಾರ
ಶಿವಮೊಗ್ಗ

ಬೆಳಿಗ್ಗೆಯಿಂದ ಮಳೆ ಹಿಡಿದುಕೊಂಡಿದೆ. ಅಕ್ಕ ಮತ್ತು ಅವಳ ಮಗ ನಿನ್ನೆ ಬಂದವರು ಇವತ್ತು ಸಾಗರಕ್ಕೆ ಹೊರಡಬೇಕಿತ್ತು, ಈ ಮಳೆಯಲ್ಲಿ ಬೇಡ ಅಂತ ಅಮ್ಮ ತಡೆದರು. ಊಟ ಆದ ಮೇಲೆ ನಾನೂ ಹುಡುಗನೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಆಟ ಡೀಪ್.ಐಓ. ನಾನು ಇದನ್ನು ಎಷ್ಟೋ ವರ್ಷದಿಂದ ಬಿಟ್ಟು ಬಿಟ್ಟು ಆಡುತ್ತಾ ಬಂದಿದ್ದೇನೆ. ಇವನಿಗೆ ಹೋದ ದಸರಾ ರಜೆಯಲ್ಲಿ ನಾನೇ ಕಲಿಸಿದ್ದು. ಈಗ ಅವನ ಕೈ ನನ್ನ ಕೈಗಿಂತ ಚುರುಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2016ರಲ್ಲಿ ಬಂದ ಆಟ. ಅದಕ್ಕೆ ಒಂದು ವರ್ಷ ಮೊದಲು ಅಗಾರ್.ಐಓ ಅನ್ನೋ ಇನ್ನೊಂದು ಬ್ರೌಸರ್ ಆಟ ಮಾಡಿದ್ದ ಬ್ರೆಜಿಲ್‌ನ ಮ್ಯಾಥ್ಯೂಸ್ ವಲಡಾರಿಸ್ ಅವರೇ ಇದನ್ನೂ ಮಾಡಿದ್ದು. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಬ್ರೌಸರ್ ತೆರೆದು, ಒಂದು ಹೆಸರು ಕೊಟ್ಟು, ಎಂಟರ್ ಒತ್ತಿದರೆ ನೀವು ಒಂದು ಟ್ಯಾಂಕ್. ಟ್ಯಾಂಕ್ ಅಂದರೆ ಒಂದು ದುಂಡಗಿನ ಚುಕ್ಕೆ, ಅದಕ್ಕೊಂದು ನಳಿಗೆ, ಅಷ್ಟೇ. ಸುತ್ತಲೂ ಹಳದಿ ಚೌಕ, ಕೆಂಪು ತ್ರಿಕೋನ, ನೇರಳೆ ಪಂಚಕೋನ ತೇಲುತ್ತಾ ಇರುತ್ತವೆ. ಒಡೆದರೆ ಚೌಕಕ್ಕೆ 10, ತ್ರಿಕೋನಕ್ಕೆ 25, ಪಂಚಕೋನಕ್ಕೆ 130. ಮೈದಾನದ ನಡುವೆ ಪಂಚಕೋನಗಳ ಗೂಡು ಇದೆ. ಅಲ್ಲಿ ಒಮ್ಮೊಮ್ಮೆ ಆಲ್ಫಾ ಅನ್ನುವ ದೈತ್ಯ ಪಂಚಕೋನ ಸಿಗುತ್ತೆ, ಅದಕ್ಕೆ 3,000. ಇದೆಲ್ಲದರ ಮಧ್ಯೆ ನಿಮ್ಮ ಹಾಗೇ ಬೇರೆ ಬೇರೆ ಊರುಗಳಿಂದ ಬಂದ ಟ್ಯಾಂಕ್‌ಗಳು. ಅವರನ್ನು ಹೊಡೆದರೂ ನಿಮಗೆ ಸ್ಕೋರ್ ಸಿಗುತ್ತೆ.

ನಾನು ಕಾಲೇಜಿನಲ್ಲಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಎಷ್ಟೋ ಆಟಗಳು ಫ್ಲ್ಯಾಶ್ ಅನ್ನೋ ಹಳೇ ಬ್ರೌಸರ್ ತಂತ್ರಾಂಶದಲ್ಲಿ ಇದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಅವು ಬ್ರೌಸರ್‌ನಿಂದ ಮಾಯವಾದವು. ಆ ಬೇಸರ ನನಗೆ ಇನ್ನೂ ಇದೆ. ಡೀಪ್ ಫ್ಲ್ಯಾಶ್ ಮೇಲೆ ನಿಂತ ಆಟ ಅಲ್ಲ, ಹಾಗಾಗಿ ಉಳಿಯಿತು. ಇವತ್ತಿಗೂ ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಕೂಗದೆ ನಡೆಯುತ್ತೆ ಅನ್ನೋದೇ ನನಗೆ ಖುಷಿ.

ಈ ಆಟ ಯಾಕೆ ಇಷ್ಟ ಅಂತ ಹುಡುಗ ಕೇಳಿದ. ಹೇಳೋಕೆ ಹೋದರೆ ತುಂಬ ಇದೆ, ಆದರೆ ಮೊದಲು ಬರೋದು ಆ 33 ಪಾಯಿಂಟ್.

ಲೆವೆಲ್ ಏರಿದ ಹಾಗೆ ಪಾಯಿಂಟ್ ಸಿಗುತ್ತೆ. 2ರಿಂದ 28ರವರೆಗೆ ಲೆವೆಲ್‌ಗೆ ಒಂದು, ಆಮೇಲೆ 30, 33, 36 ಹೀಗೆ ಮೂರು ಲೆವೆಲ್‌ಗೆ ಒಂದು. 45ಕ್ಕೆ ಲೆವೆಲ್ ಮುಗಿಯುತ್ತೆ, ಅಷ್ಟೊತ್ತಿಗೆ ನಿಮ್ಮ ಕೈಯಲ್ಲಿ ಒಟ್ಟು 33. ಹಾಕೋಕೆ ಎಂಟು ಸಾಲು ಇವೆ: ಪ್ರಾಣ ಮತ್ತೆ ತುಂಬುವ ವೇಗ, ಒಟ್ಟು ಪ್ರಾಣ, ಮೈ ಡಿಕ್ಕಿಯ ಪೆಟ್ಟು, ಗುಂಡಿನ ವೇಗ, ಗುಂಡಿನ ಗಟ್ಟಿತನ, ಗುಂಡಿನ ಪೆಟ್ಟು, ರಿಲೋಡ್ (ಗುಂಡು ಎಷ್ಟು ಬೇಗ ಬೇಗ ಹಾರುತ್ತೆ ಅನ್ನೋದು), ಓಟದ ವೇಗ. ಒಂದೊಂದಕ್ಕೂ ಏಳೇಳು ಖಾನೆ. ಅಂದರೆ ಖಾನೆ 56, ಪಾಯಿಂಟ್ 33. ಏನು ಮಾಡಿದರೂ 23 ಖಾನೆ ಖಾಲಿ ಬೀಳುತ್ತೆ. ಯಾವ 23 ಖಾಲಿ ಬಿಡ್ತೀರಿ ಅನ್ನೋದೇ ಆಟ. ಎಲ್ಲಾ ಸಾಲಿಗೂ ನಾಲ್ಕು ನಾಲ್ಕು ಹಂಚಿದ ಟ್ಯಾಂಕ್ ಯಾವುದಕ್ಕೂ ಬರೋದಿಲ್ಲ, ನಾನು ಮೊದಲ ಒಂದು ತಿಂಗಳು ಅದನ್ನೇ ಮಾಡಿ ಸೋತಿದ್ದೇನೆ. ಒಂದನ್ನು ಪೂರ್ತಿ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟದ್ದನ್ನು ಕೈಚಳಕದಿಂದ ತುಂಬಿಸಬೇಕು.

ಇದರ ಜೊತೆಗೆ 15, 30, 45ನೇ ಲೆವೆಲ್‌ಗಳಲ್ಲಿ ಟ್ಯಾಂಕಿನ ಜಾತಿಯೇ ಬದಲಾಗುತ್ತೆ. ನನ್ನ ದಾರಿ ಯಾವಾಗಲೂ ಒಂದೇ: ಸ್ನೈಪರ್, ಆಮೇಲೆ ಓವರ್‌ಸೀಯರ್, ಕೊನೆಗೆ ಓವರ್‌ಲಾರ್ಡ್. ಓವರ್‌ಲಾರ್ಡ್‌ಗೆ ಗುಂಡೇ ಇಲ್ಲ. ಎಂಟು ಪುಟ್ಟ ತ್ರಿಕೋನದ ಡ್ರೋನ್‌ಗಳು, ಮೌಸ್ ಎಲ್ಲಿಟ್ಟರೆ ಅಲ್ಲಿಗೆ ಹಾರುತ್ತವೆ. ಬಲಗಡೆಯ ಬಟನ್ ಒತ್ತಿದರೆ ಮೌಸ್‌ನಿಂದ ದೂರ ಚದುರುತ್ತವೆ. ಈ ಎರಡು ಬಟನ್ ನಡುವೆ ಎಷ್ಟು ಆಟ ಇದೆ ಅಂದರೆ, ಎದುರಾಳಿ ಮುಂದಿನಿಂದ ಬರುತ್ತಿದ್ದಾನೆ ಅಂದಾಗ ಡ್ರೋನ್‌ಗಳನ್ನು ಎರಡು ಬದಿಗೆ ಹರಡಿ, ಅವನು ಒಳಗೆ ಬಂದ ತಕ್ಷಣ ಎಡ ಬಟನ್ ಒತ್ತಿ ಎರಡೂ ಕಡೆಯಿಂದ ಮುಚ್ಚಿಬಿಡಬಹುದು, ಅದು ಸರಿಯಾಗಿ ಕೂತ ದಿನ ಆಗೋ ಸಂತೋಷ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ನನ್ನ ಹಂಚಿಕೆ, ಮೇಲಿನ ಎಂಟು ಸಾಲಿನ ಕ್ರಮದಲ್ಲೇ, 0/2/3/7/7/7/7/0. ಗುಂಡಿನ ಸಾಲುಗಳು ಇಲ್ಲಿ ಡ್ರೋನ್‌ಗಳಿಗೆ ಲೆಕ್ಕ. ಓಟಕ್ಕೆ ಸೊನ್ನೆ. ನಾನು ಓಡೋದಿಲ್ಲ, ಡ್ರೋನ್‌ಗಳು ಓಡುತ್ತವೆ.

ಹುಡುಗನದು ಪೂರ್ತಿ ಉಲ್ಟಾ. ಅವನು ಫ್ಲಾಂಕ್ ಗಾರ್ಡ್, ಟ್ರೈ-ಆಂಗಲ್, ಬೂಸ್ಟರ್ ದಾರಿ ಹಿಡಿಯುತ್ತಾನೆ. ಬೂಸ್ಟರ್‌ಗೆ ಮುಂದೆ ಒಂದು ನಳಿಗೆ, ಹಿಂದೆ ನಾಲ್ಕು. ಹಿಂದಿನವು ಹೊಡೆಯೋಕೆ ಅಲ್ಲ, ತಳ್ಳೋಕೆ. ಈ ಆಟದಲ್ಲಿ ಗುಂಡು ಹಾರಿದರೆ ಟ್ಯಾಂಕ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತೆ. ನಾಲ್ಕು ನಳಿಗೆ ಹಿಂದಕ್ಕೆ ಹೊಡೆದರೆ ನೀವು ಮುಂದಕ್ಕೆ ಬಾಣದ ಹಾಗೆ ಹೋಗ್ತೀರಿ. ಅವನ ಹಂಚಿಕೆ 5/7/7/0/0/0/7/7. ಗುಂಡಿನ ವೇಗ, ಗಟ್ಟಿತನ, ಪೆಟ್ಟು ಮೂರಕ್ಕೂ ಸೊನ್ನೆ, ಆದರೆ ರಿಲೋಡ್‌ಗೆ ಏಳು. ಗುಂಡಿಗೆ ಏನೂ ಕೊಡದವನು ರಿಲೋಡ್‌ಗೆ ಯಾಕೆ ಸುರಿಯುತ್ತಾನೆ ಅಂತ ನನಗೆ ಮೊದಲು ಅರ್ಥ ಆಗಿರಲಿಲ್ಲ.

"ಮಾಮ, ರಿಲೋಡ್ ಗುಂಡಿಗಲ್ಲ, ಓಡೋಕೆ," ಅಂದ.

ಹೌದಲ್ವಾ! ಹಿಂದಿನ ನಳಿಗೆ ಬೇಗ ಬೇಗ ಹಾರಿಸಿದಷ್ಟೂ ಅವನಿಗೆ ವೇಗ. ಅವನ ಆಯುಧ ಅವನ ಮೈ. ಎಂಟೇ ಸಾಲು, ಅದೇ 33 ಪಾಯಿಂಟ್, ನನ್ನ ಆಟಕ್ಕೂ ಅವನ ಆಟಕ್ಕೂ ಸಂಬಂಧವೇ ಇಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟೊಂದು ಬಗೆ ಹುಟ್ಟಿಸಿದವರ ಬಗ್ಗೆ ನನಗೆ ನಿಜವಾದ ಗೌರವ ಇದೆ.

ಇನ್ನೊಂದು ಹೇಳಲೇಬೇಕು. ಗುಂಡಿಗೂ ಪ್ರಾಣ ಇದೆ ಇಲ್ಲಿ. ನನ್ನ ಗುಂಡು ನಿಮ್ಮ ಗುಂಡಿಗೆ ತಾಗಿದರೆ ಎರಡೂ ಸವೆಯುತ್ತವೆ, ಗಟ್ಟಿ ಇರೋದು ದಾಟಿಕೊಂಡು ಬರುತ್ತೆ. ಹಾಗಾಗಿ ಹೊಡೆಯೋದೇ ಗುರಾಣಿ. ಎದುರಿನಿಂದ ಗುಂಡಿನ ಮಳೆ ಬಂದರೆ ಓಡಬೇಕಾಗಿಲ್ಲ, ಅದರ ಮೇಲೇ ಗುಂಡು ಸುರಿಸುತ್ತಾ ಹಿಂದಕ್ಕೆ ಸರಿಯಬಹುದು, ಮೇಲೆ ಹೇಳಿದ ತಳ್ಳುವಿಕೆ ಹಿಂದೆ ಸರಿಯೋದಕ್ಕೂ ಸಹಾಯ ಮಾಡುತ್ತೆ. ಹೊಡೆಯೋದು, ತಡೆಯೋದು, ಚಲಿಸೋದು ಮೂರೂ ಒಂದೇ ಬಟನ್‌ನಲ್ಲಿ. ಆದರೆ ಇದನ್ನು ಆಟ ಎಲ್ಲೂ ಹೇಳಿಕೊಡೋದಿಲ್ಲ. ಗುಂಡಿನ ಗಟ್ಟಿತನದ ಸಾಲಿಗೆ ಆಟದಲ್ಲಿರೋ ಹೆಸರು ಬುಲೆಟ್ ಪೆನಿಟ್ರೇಷನ್. ಅದನ್ನು ಓದಿದರೆ ಗುಂಡು ಚೌಕವನ್ನು ತೂರಿ ಹೋಗುತ್ತೆ ಅಂತ ಮಾತ್ರ ಅನಿಸುತ್ತೆ, ಗುಂಡಿನ ಆಯಸ್ಸು ಅಂತ ಹೊಳೆಯೋದಿಲ್ಲ. ಓವರ್‌ಲಾರ್ಡ್‌ಗೆ ಅದೇ ಡ್ರೋನ್‌ಗಳ ಆಯಸ್ಸು. ವೈ ಒತ್ತಿದರೆ ಟ್ಯಾಂಕ್‌ಗಳ ಪೂರ್ತಿ ವಂಶವೃಕ್ಷ ಕಾಣುತ್ತೆ, ಇ ಒತ್ತಿದರೆ ತಾನಾಗಿ ಹೊಡೆಯುತ್ತೆ. ಇವನ್ನೆಲ್ಲ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಹೊಸಬರು ಐದು ನಿಮಿಷ ಆಡಿ, ನಾಲ್ಕು ಸಲ ಸತ್ತು, ಟ್ಯಾಬ್ ಮುಚ್ಚಿ ಹೋದರೆ ಅದು ಅವರ ತಪ್ಪಲ್ಲ.

ಇನ್ನು ಇವತ್ತು ಮಧ್ಯಾಹ್ನ ನಡೆದದ್ದು.

ನಾನು ಆಡಿದ್ದು ಎಫ್‌ಎಫ್‌ಎ, ಅಂದರೆ ಎಲ್ಲರೂ ಎಲ್ಲರಿಗೂ ಎದುರಾಳಿ ಆಗಿರುವ ಮೈದಾನ. ಎರಡು ಗಂಟೆಗೆ ಶುರು ಮಾಡಿದೆ. 45ನೇ ಲೆವೆಲ್‌ಗೆ 23,536 ಸ್ಕೋರ್ ಬೇಕು. ಬರೀ ಚೌಕ ಒಡೆದರೆ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಚೌಕ ಆಗುತ್ತೆ, ಯಾರೂ ಹಾಗೆ ಮಾಡೋದಿಲ್ಲ, ಪಂಚಕೋನದ ಗೂಡಿಗೆ ನುಗ್ಗುತ್ತಾರೆ. ನಾನೂ ನುಗ್ಗಿದೆ. ಗೂಡಿನಲ್ಲಿ ಕ್ರ್ಯಾಶರ್ ಅನ್ನೋ ಗುಲಾಬಿ ಬಣ್ಣದ ತ್ರಿಕೋನಗಳು ಅಟ್ಟಿಸಿಕೊಂಡು ಬರುತ್ತವೆ, ಎರಡು ಡ್ರೋನ್ ಕಾವಲಿಗೆ, ಆರು ಕೆಲಸಕ್ಕೆ ಅನ್ನೋ ಹಾಗೆ ನಿಭಾಯಿಸಬೇಕು. ಮೂರೂಕಾಲಿಗೆ ಲೀಡರ್‌ಬೋರ್ಡ್‌ನಲ್ಲಿ ಮೂರನೇ ಹೆಸರು ನನ್ನದು, ಸ್ಕೋರ್ 1,84,000 ದಾಟಿತ್ತು. ಅಕ್ಕ ಕಾಫಿ ತಂದು ಪಕ್ಕದಲ್ಲಿಟ್ಟಳು. ಮುಟ್ಟಲಿಲ್ಲ.

ಆಗ ಎರಡು ಬೂಸ್ಟರ್ ಬಂದವು. ಎರಡೂ ಒಂದರ ಪಕ್ಕ ಒಂದು, ಒಂದಕ್ಕೊಂದು ಹೊಡೆಯುತ್ತಿಲ್ಲ. ಆಗಲೇ ಗೊತ್ತಾಯಿತು. ಎಫ್‌ಎಫ್‌ಎನಲ್ಲಿ ಒಪ್ಪಂದ ಮಾಡಿಕೊಂಡು ಆಡೋದು ಹಳೇ ರೋಗ. ಟ್ಯಾಂಕನ್ನು ಗಿರ್ರನೆ ತಿರುಗಿಸಿದರೆ 'ನಾನು ನಿನಗೆ ಹೊಡೆಯೋಲ್ಲ' ಅಂತ ಅರ್ಥ, ಆಟದವರೇ ತಮ್ಮೊಳಗೆ ಬೆಳೆಸಿಕೊಂಡ ಭಾಷೆ ಅದು. ಇಬ್ಬರು ಅಪರಿಚಿತರು ಮಾತೇ ಇಲ್ಲದೆ ನಂಬಿಕೆ ಹುಟ್ಟಿಸಿಕೊಳ್ಳೋದು ಒಂದು ಕಡೆಯಿಂದ ನೋಡಿದರೆ ಚೆಂದವೇ. ಆದರೆ ಒಂಟಿಯಾಗಿ ಆಡುವವನಿಗೆ ಅದರಲ್ಲಿ ನ್ಯಾಯ ಇಲ್ಲ. ತಂಡ ಕಟ್ಟಿ ಆಡಬೇಕು ಅಂದರೆ ಎರಡು ತಂಡದ, ನಾಲ್ಕು ತಂಡದ ಮೈದಾನಗಳು ಬೇರೆ ಇವೆ. ಅಲ್ಲಿ ಆಡಬಹುದಲ್ವಾ?

ಒಂದು ಬೂಸ್ಟರ್ ನನ್ನ ಡ್ರೋನ್‌ಗಳನ್ನು ಎಡಕ್ಕೆ ಎಳೆದುಕೊಂಡು ಹೋಯಿತು. ಇನ್ನೊಂದು ಬಲದಿಂದ ಬಂತು. ಡ್ರೋನ್ ವಾಪಸ್ ಕರೆದೆ. ಸರಿಯಾಗಿ ಆ ಹೊತ್ತಿಗೆ ಪರದೆ ನಿಂತಿತು. ಅರ್ಧ ಸೆಕೆಂಡ್ ಇರಬಹುದು. ಮತ್ತೆ ಚಿತ್ರ ಅಲ್ಲಾಡಿದಾಗ ನಾನು ಇರಲಿಲ್ಲ. ಕೊಂದವರ ಹೆಸರು, ನನ್ನ ಸ್ಕೋರ್, ಲೆವೆಲ್, ಎಷ್ಟು ಹೊತ್ತು ಬದುಕಿದ್ದೆ ಅನ್ನೋದು, ಇಷ್ಟೇ ಪರದೆ ಮೇಲೆ.

ನೆಟ್ ತಡವಾಗಿ ಆಟ ಹೀಗೆ ನಿಲ್ಲೋದಕ್ಕೆ ಲ್ಯಾಗ್ ಅಂತಾರೆ. ಅದರ ಬಗ್ಗೆ ನನಗಿರೋ ಸಿಟ್ಟು ಆಟದ ಮೇಲಲ್ಲ, ದೂರದ ಮೇಲೆ. ಆಟ ನಡೆಸುವ ಸರ್ವರ್ ಕಂಪ್ಯೂಟರ್ ಇರೋದು ನಮ್ಮಿಂದ ತುಂಬ ದೂರ. ನಾನು ಇಲ್ಲಿ ಬಟನ್ ಒತ್ತಿದ್ದು ಸಮುದ್ರದಡಿಯ ಕೇಬಲ್‌ನಲ್ಲಿ ಅಲ್ಲಿಗೆ ಹೋಗಿ, ಅಲ್ಲಿ ಯಾರಿಗೆ ಯಾರು ತಾಗಿದರು ಅನ್ನೋ ಲೆಕ್ಕ ಆಗಿ, ವಾಪಸ್ ಬರಬೇಕು. ಎಲ್ ಒತ್ತಿದರೆ ಪಿಂಗ್, ಅಂದರೆ ಹೀಗೆ ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನೋದು ಕಾಣುತ್ತೆ. ಒಳ್ಳೇ ದಿನ ನಮ್ಮ ಮನೆಯಲ್ಲಿ 80ರ ಹತ್ತಿರ ಇರುತ್ತೆ, ಅದಕ್ಕೆ ಕೈ ಒಗ್ಗಿಹೋಗಿದೆ, ಎದುರಾಳಿ ಇರೋ ಜಾಗಕ್ಕಲ್ಲ, ಇನ್ನೊಂದು ಕ್ಷಣಕ್ಕೆ ಇರೋ ಜಾಗಕ್ಕೆ ಮೌಸ್ ಇಡೋದು ಅಭ್ಯಾಸ ಆಗಿದೆ. ಮಳೆ ಜೋರಾದಾಗ ಮನೆಯ ನೆಟ್ 300, 400ಕ್ಕೆ ಹಾರುತ್ತೆ. ಡೆಸ್ಟ್ರಾಯರ್‌ನಂಥ ಟ್ಯಾಂಕ್ ಎದುರಾದರಂತೂ ಅದರ ಒಂದೇ ದಪ್ಪ ಗುಂಡಿಗೆ ಕಥೆ ಮುಗಿಯಬಹುದು, ತಪ್ಪಿಸಿಕೊಳ್ಳೋಕೆ ಸಿಗೋದು ಒಂದೇ ಅವಕಾಶ, ಆ ಅವಕಾಶವನ್ನು ನೆಟ್ ತಿಂದುಬಿಟ್ಟರೆ ಏನು ಮಾಡೋದು? ನಮ್ಮ ದೇಶದಲ್ಲಿ ಇಂಥ ಆಟ ಆಡುವ ಮಕ್ಕಳು ಎಷ್ಟೋ ಜನ ಇದ್ದಾರೆ. ಹತ್ತಿರದಲ್ಲೇ ಒಂದು ಸರ್ವರ್ ಇದ್ದಿದ್ದರೆ ಅಂತ ಪ್ರತಿ ಮಳೆಗಾಲ ಅಂದುಕೊಳ್ಳುತ್ತೇನೆ.

ಸತ್ತ ಮೇಲೆ ಸುಮಾರು ಅರ್ಧ ಲೆವೆಲ್ ಉಳಿಸಿ ಮತ್ತೆ ಬಿಡುತ್ತೆ. ಇದು ಒಳ್ಳೇದು, ಮೊದಲಿಂದ ಚೌಕ ಒಡೆಯೋ ಬೇಸರ ತಪ್ಪುತ್ತೆ. ಆದರೆ ಸ್ಕೋರ್ ಹೋಯಿತು ಅಂದರೆ ಹೋಯಿತು. ಸರ್ವರ್ ಮುಚ್ಚುವಾಗ ಅರೀನಾ ಕ್ಲೋಸರ್ ಅನ್ನೋ ಹಳದಿ ಟ್ಯಾಂಕ್‌ಗಳು ಬಂದು ಉಳಿದವರನ್ನೆಲ್ಲ ಮುಗಿಸುತ್ತವೆ, ಅವುಗಳನ್ನು ಯಾರೂ ಸೋಲಿಸೋಕೆ ಆಗೋದಿಲ್ಲ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಎಲ್ಲರಿಗೂ ಒಟ್ಟಿಗೆ ಬರೋ ಕೊನೆ ಅದು. ಇವತ್ತಿನದನ್ನು ಒಪ್ಪಿಕೊಳ್ಳೋಕೆ ಮಾತ್ರ ಆಗಲಿಲ್ಲ. ಎದ್ದು ಹೋಗಿ ಜಗುಲಿಯಲ್ಲಿ ಸ್ವಲ್ಪ ಹೊತ್ತು ನಿಂತೆ.

ವಾಪಸ್ ಬಂದಾಗ ಹುಡುಗ ಆಡುತ್ತಿದ್ದ. ಅವನು ಹತ್ತು ನಿಮಿಷಕ್ಕೊಮ್ಮೆ ಸಾಯುತ್ತಾನೆ. ಲೀಡರ್‌ಬೋರ್ಡ್ ಕಡೆ ನೋಡೋದೇ ಇಲ್ಲ. ಮೂಲೆಯಲ್ಲಿ ಅಡಗಿ, ದೊಡ್ಡ ಟ್ಯಾಂಕ್ ಯಾವುದೋ ಪಂಚಕೋನದ ಮೇಲೆ ಮಗ್ನ ಆಗಿರುವಾಗ ಹಿಂದಿನಿಂದ ನುಗ್ಗಿ ಡಿಕ್ಕಿ ಹೊಡೆಯುತ್ತಾನೆ. ಸಿಕ್ಕರೆ ಕುಣಿತ, ಸಿಗದಿದ್ದರೆ ಮತ್ತೆ ಎಂಟರ್. ಅವನಿಗೆ ಕಳೆದುಕೊಳ್ಳೋಕೆ ಏನೂ ಇರೋದಿಲ್ಲ, ಹಾಗಾಗಿ ಕೈ ನಡುಗೋದಿಲ್ಲ. ನನಗೆ ಒಂದು ಲಕ್ಷ ದಾಟಿದ ಮೇಲೆ ಬೆರಳು ಬಿಗಿಯುತ್ತೆ, ಸುಮ್ನೆ ಹಿಂದೆ ಹಿಂದೆ ಸರಿಯುತ್ತೇನೆ, ಆಟ ಚಿಕ್ಕದಾಗುತ್ತಾ ಹೋಗುತ್ತೆ. ಇದು ಆಟದ ದೋಷವೋ ನನ್ನದೋ ಅಂತ ಯೋಚಿಸಿದೆ. ಅರ್ಧ ಆಟದ್ದು ಅಂತಲೇ ಅನಿಸುತ್ತೆ. ಮೇಲೆ ಹೋದವನಿಗೆ ಹೊಸದು ಏನೂ ಸಿಗೋದಿಲ್ಲ. 45ಕ್ಕೆ ಪಾಯಿಂಟ್ ಮುಗಿಯಿತು, ಟ್ಯಾಂಕ್ ಮುಗಿಯಿತು, ಆಮೇಲೆ ಬರೀ ಅಂಕಿ ಬೆಳೆಯುತ್ತೆ, ಮೊದಲ ಸ್ಥಾನಕ್ಕೆ ಬಂದರೆ ಎಲ್ಲರ ಪರದೆಯಲ್ಲೂ ಒಂದು ಬಾಣ ನಿಮ್ಮ ಕಡೆ ತೋರಿಸುತ್ತೆ. ಏರುವಾಗಿನ ಅರ್ಧ ಗಂಟೆಯಲ್ಲಿ ಇರೋ ಜೀವ ಆಮೇಲೆ ಇಲ್ಲ.

"ಮಾಮ, ನಂದು ನೀನಾಡು, ನಿಂದು ನಾನಾಡ್ತೀನಿ," ಅಂದ.

ಬೂಸ್ಟರ್ ಹಿಡಿದೆ. ಮೊದಲ ಮೂರು ಸಲ ಮೈದಾನದ ಅಂಚಿಗೆ ಹೋಗಿ ಒತ್ತಿಕೊಂಡೆ, ಮೂತಿ ಯಾವ ಕಡೆ ಇದೆಯೋ ಆ ಕಡೆಗೇ ಹಾರೋದಕ್ಕೆ ತಲೆ ಹೊಂದಿಕೊಳ್ಳಲಿಲ್ಲ. ನಾಲ್ಕನೇ ಸಲ ಒಬ್ಬ ಓವರ್‌ಲಾರ್ಡ್ ಸಿಕ್ಕ. ಅವನ ಡ್ರೋನ್ ಎಲ್ಲಿಗೆ ಹೋಗುತ್ತವೆ ಅಂತ ನನಗೆ ಮೊದಲೇ ಗೊತ್ತಿತ್ತು, ನಾನೇ ಅವನಾಗಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದ, ಎರಡು ಬದಿಗೆ ಹರಡಿದ. ನಾನು ಒಳಗೆ ಹೋಗದೆ ಸುತ್ತಿ ಬಂದು ಹಿಂದಿನಿಂದ ಡಿಕ್ಕಿ ಹೊಡೆದೆ. ಹುಡುಗ ಕೂಗಿದ ಕೂಗಿಗೆ ಅಮ್ಮ ಅಡುಗೆಮನೆಯಿಂದ ಬಂದು ನೋಡಿದರು.

ಆರೂವರೆಗೆ ಕರೆಂಟ್ ಹೋಯಿತು, ವೈಫೈ ಹೋಯಿತು, ಆಟ ನಿಂತಿತು. ಹುಡುಗ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ನನ್ನ ಎಂಟು ಅಂಕಿ ಬರೆದ, ಅದರ ಕೆಳಗೆ ಅವನ ಎಂಟು. ಅದರ ಕೆಳಗೆ ಬರೀ ಎಂಟು ಖಾನೆ ಗೀಚಿದ್ದಾನೆ. ಇಬ್ಬರೂ ಯಾವತ್ತೂ ಆಡದ ಡೆಸ್ಟ್ರಾಯರ್‌ಗೆ ಅಂತೆ. ಮೇಣದಬತ್ತಿ ಬೆಳಕಿನಲ್ಲಿ ಕೂತು ವಾದ ಮಾಡಿದೆವು. ಗುಂಡಿನ ಪೆಟ್ಟಿಗೆ ಏಳು, ಗಟ್ಟಿತನಕ್ಕೆ ಏಳು ಅನ್ನೋದಕ್ಕೆ ಇಬ್ಬರದೂ ಒಪ್ಪಿಗೆ. ಉಳಿದ 19 ಇನ್ನೂ ತೀರ್ಮಾನ ಆಗಿಲ್ಲ. ನಾಳೆ ಸಾಗರದ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ, ಅದಕ್ಕೂ ಮೊದಲು ಒಂದು ಆಟ ಅಂತ ಈಗಲೇ ಮಾತು ತಗೊಂಡು ಮಲಗಿದ್ದಾನೆ.