ಚಾನೆಲ್‌ಗೆ ಬೀಗ ಹಾಕಿದ ಸಂಜೆ

2022ರ ಜುಲೈ 28, ಗುರುವಾರ. ಭೀಮನ ಅಮಾವಾಸ್ಯೆ. ತಿಪಟೂರಿನ ಮನೆಯಲ್ಲಿ ಅಕ್ಕ ಸಂಜೆಯ ಪೂಜೆ ಮುಗಿಸಿ ಹೊಸ್ತಿಲ ಮೇಲೆ ಭಂಡಾರ ಇಟ್ಟಿದ್ದಳು. ಹಿಟ್ಟಿನ ಕಡುಬಿನೊಳಗೆ ನಾಣ್ಯ ಬಚ್ಚಿಟ್ಟಿರುತ್ತಾರೆ, ತಮ್ಮನಾದವನು ಅದನ್ನು ಮೊಣಕೈಯಿಂದ ಗುದ್ದಿ ಒಡೆಯಬೇಕು. ನಾನು ಕೂತು ಕೈ ಎತ್ತಿದ್ದೆ. ಜೇಬಿನಲ್ಲಿದ್ದ ಫೋನ್ ಗುಂಯ್ ಅಂದಿತು. ಒಡೆದೆ. ಮತ್ತೆ ಗುಂಯ್. ನಾಣ್ಯ ಹುಡುಕಿ ತೆಗೆಯುವಷ್ಟರಲ್ಲಿ ಫೋನ್ ಒಂದೇ ಸಮನೆ ನಡುಗುತ್ತಿತ್ತು.

"ಯಾರೋ ಅದು, ಹಬ್ಬದ ದಿನಾನೂ ಬಿಡಲ್ವಾ?" ಅಂದಳು ಅಕ್ಕ.

ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ತೆಗೆದು ನೋಡಿದೆ. ಹುಬ್ಬಳ್ಳಿ ಹುಡುಗನ ಮೆಸೇಜ್ ಮೇಲೆ ಇತ್ತು. "ಅಣ್ಣಾ, ಪ್ಲೇ ಸ್ಟೋರ್‌ನ್ಯಾಗ ಬಿಜಿಎಂಐ ಇಲ್ರಿ. ಲಗೂನ ಬರ್ರಿ." ನಾವೆಲ್ಲ ಆಡುತ್ತಿದ್ದ ಮೊಬೈಲ್ ಆಟ ಅದು.

ನಮ್ಮ ಬಳಗ ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಪಬ್‌ಜಿ ಆಡುವ ಕನ್ನಡದ ಹುಡುಗರ ಒಂದು ವಾಟ್ಸಾಪ್ ಗ್ರೂಪ್, ಅಷ್ಟೇ. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಅಕ್ಟೋಬರ್ 30ಕ್ಕೆ ಆಟ ಪೂರ್ತಿ ನಿಂತಿತು. ಗ್ರೂಪಿನಲ್ಲಿ ಉಳಿದವರು ಹಬ್ಬಕ್ಕೆ ಶುಭಾಶಯ ಹೇಳುವ ನಲವತ್ತು ಜನ. 2021ರ ಜುಲೈ 2ರಂದು ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದ್ರೆ ಬಿಜಿಎಂಐ, ಅನ್ನೋ ಹೆಸರಲ್ಲಿ ಬಂತು. ಒಂದೇ ವಾರಕ್ಕೆ ವಾಟ್ಸಾಪಿನ ಆಗಿನ ಮಿತಿ 256 ತುಂಬಿತು, ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ಗೆ ಮನೆ ಬದಲಾಯಿಸಿದೆವು. ಅಲ್ಲಿ ಒಂದು ಬಳಗದ ಜಾಗಕ್ಕೆ ಸರ್ವರ್ ಅಂತಾರೆ, ಅದರೊಳಗಿನ ಒಂದೊಂದು ಕೋಣೆಗೆ ಚಾನೆಲ್. ಮುಂದಿನ ವರ್ಷದ ಹೊತ್ತಿಗೆ ಸಾವಿರದ ಎಂಟುನೂರು ಜನ.

ನೋಡಿಕೊಳ್ಳೋಕೆ ನಾವು ನಾಲ್ವರು ಮಾಡರೇಟರ್‌ಗಳು. ಬೆಂಗಳೂರಲ್ಲಿ ಕೆಲಸದಲ್ಲಿರುವ ನಾನು. ಇಂಜಿನಿಯರಿಂಗ್ ಓದುವ ಹುಬ್ಬಳ್ಳಿ ಹುಡುಗ. ಮಂಗಳೂರಿನಲ್ಲಿ ನರ್ಸ್ ಆಗಿರುವ ಒಬ್ಬರು, ಎಲ್ಲರಿಗೂ ಅವರು ಅಕ್ಕ. ಇನ್ನೊಬ್ಬರು ಮಸ್ಕತ್‌ನಲ್ಲಿರುವ ಹಿರಿಯರು. ಬಿಜಿಎಂಐ ಭಾರತಕ್ಕೆ ಮಾತ್ರ ಇದ್ದ ಆಟ, ಅವರಿಗೆ ಅಲ್ಲಿ ನಮ್ಮ ಜೊತೆ ಆಡೋಕೇ ಆಗುತ್ತಿರಲಿಲ್ಲ. ಆದರೂ ಕೆಲಸ ಮುಗಿಸಿ ರೂಮಿಗೆ ಬಂದು ದಿನಾ ಎರಡು ಗಂಟೆ ಚಾಟ್ ಕಾಯುತ್ತಿದ್ದರು. "ಕನ್ನಡ ಕೇಳ್ತಿರತ್ತಲ್ಲ, ಸಾಕು ಮಾರಾಯ" ಅನ್ನುತ್ತಿದ್ದರು. ಅವರಿಗಿಂತ ಒಳ್ಳೆ ಮಾಡರೇಟರನ್ನು ನಾನು ನೋಡಿಲ್ಲ.

ಈ ಕೆಲಸ ಅಂದ್ರೆ ಬೈಗುಳ ಅಳಿಸೋದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದೇ ಎಷ್ಟು ಕಷ್ಟ ಅಂತ ಹೇಳಬೇಕು. 2022ರ ಜೂನ್‌ನಲ್ಲಷ್ಟೇ ಡಿಸ್ಕಾರ್ಡ್, ಬೇಡದ ಮೆಸೇಜನ್ನು ತಾನಾಗೇ ತಡೆಯುವ ಆಟೋಮಾಡ್ ಅನ್ನೋ ಸೌಲಭ್ಯ ಕೊಟ್ಟಿತ್ತು. ಕೆಟ್ಟ ಪದಗಳ ಸಿದ್ಧ ಪಟ್ಟಿ ಅದರಲ್ಲೇ ಇದೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಬೈಗುಳ ಅದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ಪಟ್ಟಿ ನಾವೇ ಮಾಡಿದೆವು. ಒಂದೊಂದು ಪದಕ್ಕೂ ಏಳೆಂಟು ಸ್ಪೆಲಿಂಗ್. ಹಿಂದೆ ಮುಂದೆ ಏನೇ ಅಂಟಿಕೊಂಡರೂ ಹಿಡಿಯಲಿ ಅಂತ 'ತಿಕ' ಅನ್ನೋದಕ್ಕೆ ಎರಡೂ ಕಡೆ ನಕ್ಷತ್ರ ಹಾಕಿದ್ದೆ. ಅವತ್ತೇ ಇಬ್ಬರು ಕಾರ್ತಿಕರು ತಮ್ಮ ಹೆಸರು ಬರೆಯೋಕಾಗದೆ ದೂರು ಕೊಟ್ಟರು.

ಪದ ಒಂದೇ ಇದ್ದರೂ ಊರಿಂದ ಊರಿಗೆ ಅದರ ತೂಕ ಬೇರೆ. ಧಾರವಾಡದ ಕಡೆಯ ಹುಡುಗ "ಲೇ ಮಗನ, ಎಲ್ಲಿ ಹೋಗಿದ್ದಿ" ಅಂದ್ರೆ ಅದು ಪ್ರೀತಿ. ಅದನ್ನೇ ಓದಿದ ಮಂಡ್ಯದ ಹುಡುಗ ಜಗಳಕ್ಕೆ ನಿಲ್ಲುತ್ತಾನೆ. ಮಂಡ್ಯದವನ "ಏನ್ಲಾ" ಕೇಳಿ ಕುಂದಾಪುರದವನಿಗೆ ಬೇಜಾರು. ಇದಕ್ಕೆ ಯಾವ ಯಂತ್ರವೂ ಇಲ್ಲ. ಇಬ್ಬರನ್ನೂ ಒಂದು ವಾಯ್ಸ್ ಚಾನೆಲ್‌ಗೆ ಕರೆದು ಮಾತಾಡಿಸಬೇಕು. ದನಿ ಕೇಳಿದ ಮೇಲೆ ಸಾಮಾನ್ಯವಾಗಿ ಎರಡೇ ನಿಮಿಷಕ್ಕೆ ತಣ್ಣಗಾಗುತ್ತಾರೆ.

ಆ ಸಂಜೆ ಬೈಗುಳದ ತಲೆಬಿಸಿ ಇರಲಿಲ್ಲ. ಹುಡುಗರು ಹೆದರಿದ್ದರು. ಎರಡು ವರ್ಷದ ಹಿಂದೆ ಐಡಿ, ಬಟ್ಟೆ, ಗನ್ ಸ್ಕಿನ್ ಎಲ್ಲ ಹೋಯ್ತು ಅಂತ ಕೂತವರೇ ಅವರಲ್ಲಿ ಬಹಳ ಜನ. ಪಾಕೆಟ್ ಮನಿ ಕೂಡಿಸಿ ಯುಸಿ ಅನ್ನೋ ಆಟದೊಳಗಿನ ದುಡ್ಡು ಕೊಂಡವರು, ಸಣ್ಣ ಟೂರ್ನಮೆಂಟ್‌ಗೆ ತಿಂಗಳಿಂದ ಪ್ರಾಕ್ಟೀಸ್ ಮಾಡಿದ್ದವರು. "ಬ್ಯಾನ್ ಆಯ್ತಾ?" "ರಾತ್ರಿ ಹನ್ನೆರಡಕ್ಕೆ ಸರ್ವರ್ ಆಫ್ ಅಂತೆ." "ನಮ್ಮ ಕಸಿನ್ ಹೇಳಿದ, ಫೋನ್ ಚೆಕ್ ಮಾಡ್ತಾರಂತೆ." ಒಂದು ಮೆಸೇಜ್ ಓದುವಷ್ಟರಲ್ಲಿ ಹತ್ತು ಮೇಲೆ ಹೋಗುತ್ತಿದ್ದವು. ನಡುನಡುವೆ ಎಪಿಕೆ ಲಿಂಕ್‌ಗಳು, ಅಂದ್ರೆ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಇಳಿಸಿಕೊಳ್ಳುವ ಫೈಲ್‌ಗಳು. ಕೆಲವು 'ನಿಮ್ಮ ಐಡಿ ಉಳಿಸಿಕೊಳ್ಳಲು ಇಲ್ಲಿ ಲಾಗಿನ್ ಆಗಿ' ಅನ್ನೋ ಪುಟಗಳು, ನೋಡೋಕೆ ಥೇಟ್ ಫೇಸ್‌ಬುಕ್ ಲಾಗಿನ್ ತರಾನೇ. ಆಟಕ್ಕೆ ಫೇಸ್‌ಬುಕ್‌ನಿಂದ ಲಾಗಿನ್ ಆಗುವವರು ಎಷ್ಟೋ ಜನ ಇದ್ದರು. ಅಲ್ಲಿ ಪಾಸ್‌ವರ್ಡ್ ಹಾಕಿದರೆ ಆಟದ ಐಡಿ ಹೋಯ್ತು, ಜೊತೆಗೆ ಫೇಸ್‌ಬುಕ್ಕೂ ಹೋಯ್ತು.

ನಾನು ಗಾಬರಿಬಿದ್ದೆ. ಜಗಲಿ ಮೇಲೆ ನಿಂತುಕೊಂಡೇ ಮುಖ್ಯ ಚಾಟ್ ಚಾನೆಲ್‌ನ ಸೆಟ್ಟಿಂಗ್ ತೆಗೆದು, ಮೆಸೇಜ್ ಕಳಿಸುವ ಅನುಮತಿಯನ್ನು ಎಲ್ಲರಿಗೂ ಆಫ್ ಮಾಡಿದೆ. 'ಸ್ವಲ್ಪ ಹೊತ್ತು ಚಾನೆಲ್ ಬಂದ್. ಸುದ್ದಿ ಸಿಕ್ಕಮೇಲೆ ಹೇಳ್ತೀವಿ' ಅಂತ ಒಂದು ಸಾಲು ಹಾಕಿದೆ. ಸದ್ದು ನಿಂತಿತು. ಫೋನ್ ಜೇಬಿಗೆ ಹಾಕಿ ಒಳಗೆ ಹೋಗಿ ಕಡುಬು ತಿಂದೆ. ಸರಿಯಾದ ಕೆಲಸ ಮಾಡಿದೆ ಅಂತಲೇ ನಂಬಿದ್ದೆ.

ಎಂಟು ಗಂಟೆಗೆ ಹತ್ತು ನಿಮಿಷ ಇರುವಾಗ ಬೇರೆ ಚಾನೆಲ್‌ಗಳಲ್ಲಿ ಲಿಂಕ್ ಬೀಳೋಕೆ ಶುರುವಾಯ್ತು. ಒಬ್ಬನೇ ಹುಡುಗ, ಒಂದೇ ಲಿಂಕು, ಒಂದು ನಿಮಿಷದಲ್ಲಿ ಐದು ಚಾನೆಲ್. ನಮ್ಮ ಹಳೇ ಸದಸ್ಯ, ಚಿತ್ರದುರ್ಗದ ಕಡೆಯವನು, ಫಸ್ಟ್ ಪಿಯು. ಇವನೂ ಹೀಗೆ ಮಾಡಿದನಲ್ಲ ಅಂತ ಸಿಟ್ಟು ಬಂತು. ಒಂದು ಮಾತು ಕೇಳದೆ ಬ್ಯಾನ್ ಒತ್ತಿದೆ. ಹಿಂದಿನ 24 ಗಂಟೆಯ ಅವನ ಎಲ್ಲ ಮೆಸೇಜ್ ಅಳಿಸು ಅನ್ನೋದನ್ನೂ ಆರಿಸಿದೆ. ಬೆಳಗ್ಗೆ ಅವನು ಹಾಕಿದ್ದ ಕ್ಲಚ್ ವಿಡಿಯೋ, ಅಂದ್ರೆ ಸೋಲುವ ಆಟವನ್ನು ಒಬ್ಬನೇ ನಿಂತು ಗೆದ್ದ ವಿಡಿಯೋ, ಕೂಡ ಅದರ ಜೊತೆ ಹೋಯ್ತು. ಮೂವತ್ತು ಜನ ಅದಕ್ಕೆ ಶಹಬ್ಬಾಸ್ ಹೇಳಿದ್ದರು.

ಎಂಟೂವರೆಗೆ ಮಸ್ಕತ್‌ನಿಂದ ಫೋನ್. ಅಲ್ಲಿ ಏಳು ಗಂಟೆ, ಆಗಷ್ಟೇ ರೂಮಿಗೆ ಬಂದಿದ್ದರು.

"ಚಾನೆಲ್ ಯಾಕೆ ಮುಚ್ಚಿದ್ದು ಮಾರಾಯ?"

"ಲಿಂಕ್ ಹಾಕ್ತಿದ್ರು ಸರ್. ಸುಳ್ಳು ಸುದ್ದಿ ಬೇರೆ."

"ಈಗ ಎಲ್ಲರೂ ಎಲ್ಲಿ ಮಾತಾಡ್ತಿದ್ದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಹೇಳಿದರು. "ಡಿಎಂನಲ್ಲಿ, ಒಬ್ಬರಿಗೊಬ್ಬರು ಖಾಸಗಿಯಾಗಿ. ನನಗೇ ಮೂರು ಬಂದಿದೆ. ಇಲ್ಲಿ ಹಾಕಿದ್ರೆ ನಾವು ನೋಡ್ತಿದ್ವಿ, ಅಳಿಸ್ತಿದ್ವಿ. ಅಲ್ಲಿ ನೋಡುವವರು ಯಾರು?"

ಫೋನ್ ಇಟ್ಟ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತೆ. ಚಾನೆಲ್ ತೆರೆದೆವು. ಒಬ್ಬರಿಗೆ ಅರ್ಧ ನಿಮಿಷಕ್ಕೆ ಒಂದೇ ಮೆಸೇಜ್ ಅಂತ ಸ್ಲೋಮೋಡ್ ಹಾಕಿದೆವು. ಲಿಂಕ್ ಇರೋ ಯಾವ ಮೆಸೇಜೂ ಹೋಗದ ಹಾಗೆ ಆಟೋಮಾಡ್‌ಗೆ ಹೇಳಿದೆವು. ಮಂಗಳೂರಿನ ಅಕ್ಕ ನೈಟ್ ಡ್ಯೂಟಿಗೆ ಹೊರಡುವ ಮೊದಲು ನಾಲ್ಕು ಸಾಲು ಬರೆದು ಪಿನ್ ಮಾಡಿದರು. ಸ್ಟೋರ್‌ಗಳಿಂದ ಆಟ ತೆಗೆದಿದ್ದಾರೆ, ಅದು ನಿಜ. ಫೋನಿನಲ್ಲಿ ಇದ್ದವರಿಗೆ ಈಗಲೂ ಆಡೋಕೆ ಬರ್ತಿದೆ, ನಾವೇ ಆಡಿ ನೋಡಿದ್ದೇವೆ. ಯಾಕೆ, ಎಷ್ಟು ದಿನ ಅಂತ ನಮಗೂ ಗೊತ್ತಿಲ್ಲ. ಎಲ್ಲೂ ಪಾಸ್‌ವರ್ಡ್ ಹಾಕಬೇಡಿ. ಸರ್ಕಾರದ ಆದೇಶದಂತೆ ತೆಗೆದಿದ್ದು ಅಂತ ಗೂಗಲ್ ಹೇಳಿದ್ದು ಆಮೇಲೆ ಸುದ್ದಿಯಲ್ಲಿ ಬಂತು.

'ನಮಗೂ ಗೊತ್ತಿಲ್ಲ' ಅನ್ನೋ ಸಾಲನ್ನು ತೆಗೆಯೋಣ, ಹುಡುಗರು ಇನ್ನೂ ಹೆದರ್ತಾರೆ ಅಂದಿದ್ದೆ ನಾನು. ಅಕ್ಕ ಒಪ್ಪಲಿಲ್ಲ. "ವಾರ್ಡ್‌ನಲ್ಲಿ ದಿನಾ ನೋಡ್ತೇನೆ ನಾನು. ಗೊತ್ತಿಲ್ಲ ಅಂದ್ರೆ ಜನ ಕಾಯ್ತಾರೆ. ಏನೂ ಹೇಳದಿದ್ರೆ ಮಾತ್ರ ಓಡಾಡ್ಲಿಕ್ಕೆ ಶುರು ಮಾಡ್ತಾರೆ." ಅವರು ಹೇಳಿದ ಹಾಗೇ ಆಯ್ತು. ಅರ್ಧ ಗಂಟೆಯಲ್ಲಿ ಪ್ರಶ್ನೆಗಳು ಕಮ್ಮಿಯಾದವು. ಆ ನಾಲ್ಕು ಸಾಲನ್ನೇ ಹೊಸಬರಿಗೆ ಹಳಬರು ತೋರಿಸತೊಡಗಿದರು.

ಹತ್ತು ಗಂಟೆಗೆ ಹುಬ್ಬಳ್ಳಿ ಹುಡುಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಬ್ಯಾನ್ ಆದವನಿಗೆ ನಮ್ಮ ಸರ್ವರ್‌ನ ಚಾಟ್ ಕಾಣೋದಿಲ್ಲ, ಸ್ನೇಹಿತರ ಪಟ್ಟಿಯಲ್ಲಿ ಇಲ್ಲದ ನಮಗೆ ಮೆಸೇಜ್ ಹಾಕೋಕೂ ದಾರಿ ಇರಲ್ಲ. ಅವನು ತನ್ನ ಸ್ಕ್ವಾಡ್‌ನ, ಅಂದ್ರೆ ಜೊತೆಗೆ ಆಡುವ ನಾಲ್ವರ ತಂಡದ, ಗೆಳೆಯನಿಗೆ ವಾಟ್ಸಾಪ್ ಮಾಡಿದ್ದ. 'ಅಣ್ಣಂಗೆ ಹೇಳು, ನಾನ್ ಹಾಕಿದ್ದಲ್ಲ. ಅಮ್ಮನಾಣೆ ನಾನಲ್ಲ.'

ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ಮೊದಲು ಅವನ ತಾಯಿ ಎತ್ತಿದರು. "ಏನಾಗೈತಪ್ಪ? ಉಂಡಿಲ್ಲ, ಸುಮ್ನೆ ಕುಂತವ್ನೆ." ಎರಡು ಗಂಟೆಗೂ ಹೆಚ್ಚು ಹೊತ್ತು ಒಂದು ಹಬ್ಬದ ಮನೆಯಲ್ಲಿ ಒಬ್ಬ ಹುಡುಗ ಊಟ ಬಿಟ್ಟು ಕೂತಿದ್ದ, ನಾನು ಒತ್ತಿದ ಒಂದು ಬಟನ್‌ನಿಂದ.

ಅವನು ಹೇಳಿದ್ದು ಇಷ್ಟು. ಅವನ ಫೋನ್ ಹಿಂದಿನ ದಿನ ಕೆಟ್ಟು, ರಿಪೇರಿಯಾಗಿ ಬಂದಿತ್ತು. ಎಲ್ಲ ಅಳಿಸಿ ಹೋಗಿತ್ತು. ಡಿಸ್ಕಾರ್ಡ್ ಮತ್ತೆ ಹಾಕಿಕೊಂಡಿದ್ದ, ಆಟ ಹಾಕಿಕೊಳ್ಳೋಣ ಅನ್ನುವಾಗ ಸ್ಟೋರ್‌ನಲ್ಲಿ ಅದು ಇರಲಿಲ್ಲ. ಚಾನೆಲ್‌ನಲ್ಲಿ ಕೇಳೋಣ ಅಂತ ಬಂದ, ಬೀಗ. ಯಾರೋ ಡಿಎಂ ಮಾಡಿದರು, ಹಳೇ ಫೈಲ್ ಕೊಡ್ತೀವಿ, ಲಿಂಕ್ ತೆಗಿ ಅಂತ. ಅವರಣ್ಣನ ಲ್ಯಾಪ್‌ಟಾಪಿನಲ್ಲಿ ತೆಗೆದ. ಪರದೆ ಮೇಲೆ ಒಂದು ಕ್ಯೂಆರ್ ಕೋಡ್. ಡಿಸ್ಕಾರ್ಡ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದ್ರೆ ನೀನು ನಮ್ಮ ಸದಸ್ಯ ಅಂತ ಖಾತ್ರಿಯಾಗತ್ತೆ ಅಂದರಂತೆ.

ಆ ಕ್ಯೂಆರ್ ಕೋಡ್ ಡಿಸ್ಕಾರ್ಡ್‌ಗೆ ಲಾಗಿನ್ ಆಗುವ ಕೋಡ್. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬರೆಯದೆ ಒಳಗೆ ಹೋಗಲಿ ಅಂತ ಇರುವ ಸೌಲಭ್ಯ. ಸ್ಕ್ಯಾನ್ ಮಾಡಿ ಹೂಂ ಅಂದ ತಕ್ಷಣ ಆ ಕಡೆ ಇದ್ದವನು ಇವನ ಅಕೌಂಟ್ ಒಳಗೆ ಬಂದಿದ್ದ. ಆಮೇಲೆ ನಮ್ಮ ಐದು ಚಾನೆಲ್‌ಗಳಿಗೆ ಲಿಂಕ್ ಹಾಕಿದ್ದು ಅವನೇ.

ಚಾನೆಲ್ ಮುಚ್ಚಿದ್ದು ನಾನು. ಅದಕ್ಕೇ ಇವನು ಡಿಎಂಗೆ ಹೋದ. ಅಲ್ಲಿ ಮೋಸ ಹೋದ. ಅದಕ್ಕೆ ಬ್ಯಾನ್ ಮಾಡಿದ್ದೂ ನಾನೇ. ಫೋನ್ ಹಿಡಿದುಕೊಂಡು ಇದನ್ನು ಒಂದೊಂದಾಗಿ ಜೋಡಿಸಿಕೊಂಡಾಗ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು.

"ತಪ್ಪು ನನ್ನದು ಕಣೋ" ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪರವಾಗಿಲ್ಲ ಬಿಡಣ್ಣ" ಅಂದ. ದನಿ ಒದ್ದೆಯಾಗಿತ್ತು.

ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟೆ. ಮೊದಲು ಪಾಸ್‌ವರ್ಡ್ ಬದಲಾಯಿಸು. ಬದಲಾಯಿಸಿದ ಕೂಡಲೇ ಬೇರೆ ಎಲ್ಲ ಕಡೆ ಲಾಗೌಟ್ ಆಗತ್ತೆ, ಒಳಗೆ ಕೂತವನು ಆಚೆ ಬೀಳ್ತಾನೆ. ಆಮೇಲೆ ಎರಡು ಹಂತದ ಭದ್ರತೆ ಆನ್ ಮಾಡು. ಬ್ಯಾಕಪ್ ಕೋಡ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೋ. ಅವನು ಒಂದೊಂದೇ ಕೋಡ್ ಜೋರಾಗಿ ಓದುತ್ತಾ ಬರೆಯತೊಡಗಿದ. "ನನಗೆ ಕೇಳಿಸ್ಬೇಡ, ಮನಸ್ಸಲ್ಲೇ ಓದ್ಕೋ" ಅಂದೆ. ಹಿಂದೆ ಅವರಮ್ಮ ತಟ್ಟೆ ಇಡುವ ಸದ್ದು ಕೇಳಿಸಿತು.

ಬ್ಯಾನ್ ತೆಗೆದು ಹೊಸ ಇನ್ವೈಟ್ ಕಳಿಸಿದೆ. ಆಮೇಲೆ ಮುಖ್ಯ ಚಾನೆಲ್‌ನಲ್ಲಿ, ಎಲ್ಲರ ಎದುರಿಗೇ ಬರೆದೆ. ಇವನು ಲಿಂಕ್ ಹಾಕಿಲ್ಲ, ಇವನ ಅಕೌಂಟ್ ಕದ್ದಿದ್ದರು, ನಾನು ವಿಚಾರಿಸದೆ ಬ್ಯಾನ್ ಮಾಡಿದೆ, ಕ್ಷಮೆ ಇರಲಿ. ಕ್ಯೂಆರ್ ಮೋಸದ ಬಗ್ಗೆಯೂ ಬರೆದೆ. ಸರ್ವರ್‌ನಲ್ಲಿ ಪರಿಚಯವಿಲ್ಲದವರು ಡಿಎಂ ಮಾಡದ ಹಾಗೆ ಪ್ರೈವಸಿ ಸೆಟ್ಟಿಂಗ್ ಬದಲಾಯಿಸೋದು ಹೇಗೆ ಅಂತಲೂ ಹಾಕಿದೆ. ಇನ್ನಿಬ್ಬರು ಮುಂದೆ ಬಂದು 'ನಾನೂ ಸ್ಕ್ಯಾನ್ ಮಾಡಿದ್ದೆ' ಅಂದರು. ನಾನು ತಪ್ಪು ಒಪ್ಪಿಕೊಳ್ಳದೆ ಇದ್ದಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ ಅಂತಲೇ ನನ್ನ ಎಣಿಕೆ. ಅವರಿಬ್ಬರ ಅಕೌಂಟ್‌ಗಳೂ ಉಳಿದವು.

ಹನ್ನೊಂದೂವರೆಗೆ ಹುಬ್ಬಳ್ಳಿ ಹುಡುಗ ಆಟದಲ್ಲಿ ನಮ್ಮವರಷ್ಟೇ ಸೇರುವ ಒಂದು ಕಸ್ಟಮ್ ರೂಮ್ ಮಾಡಿದ. ಆಟ ಇನ್ನೂ ಫೋನಿನಲ್ಲಿ ಇದ್ದವರೆಲ್ಲ ಬನ್ನಿ, ಯಾರಿಗೆ ಗೊತ್ತು, ಇದೇ ಕೊನೆ ಮ್ಯಾಚ್ ಆದ್ರೂ ಆಗಬಹುದು ಅಂದ. ಆಮೇಲೆ ಹತ್ತು ತಿಂಗಳು ಆಟ ಸ್ಟೋರ್‌ಗೆ ಬರಲಿಲ್ಲ, 2023ರ ಮೇ ತಿಂಗಳವರೆಗೆ. ಅವತ್ತು ರಾತ್ರಿ ಅದು ಯಾರಿಗೂ ಗೊತ್ತಿರಲಿಲ್ಲ. ಎಂಬತ್ತು ಜನ ಸೇರಿದರು. ವಾಯ್ಸ್ ಚಾನೆಲ್‌ನಲ್ಲಿ ಮಸ್ಕತ್‌ನವರು ಸುಮ್ಮನೆ ಕೇಳುತ್ತಾ ಕೂತಿದ್ದರು.

ವಿಮಾನ ಆಟದ ಎರಂಗೆಲ್ ದ್ವೀಪದ ಮೇಲೆ ಹಾರುತ್ತಿರುವಾಗ ಚಿತ್ರದುರ್ಗದ ಹುಡುಗ ವಾಯ್ಸ್‌ಗೆ ಬಂದ. ಅವರಣ್ಣನ ಫೋನ್ ಇಸಿದುಕೊಂಡು ತನ್ನ ಐಡಿಯಿಂದ ಲಾಗಿನ್ ಆಗಿದ್ದ. ಹದಿನೆಂಟು ತುಂಬದವರಿಗೆ ಆ ಆಟದಲ್ಲಿ ದಿನಕ್ಕೆ ಮೂರೇ ಗಂಟೆ.

"ಟೈಮ್ ಐತೇನೋ?" ಅಂತ ಕೇಳಿದೆ.

"ಇವತ್ತು ಆಡೇ ಇಲ್ವಲ್ಲಣ್ಣ. ಮೂರಕ್ಕೆ ಮೂರೂ ಐತೆ."

"ಉಂಡ್ಯಾ?"

"ಹೂಂ ಅಣ್ಣ. ಪೊಚಿಂಕಿ ಇಳಿಯಣ್ವಾ?"

ನನ್ನ ಮೊಣಕೈ ಮೇಲೆ ಕಡುಬಿನ ಹಿಟ್ಟು ಒಣಗಿ ಬಿರುಕುಬಿಟ್ಟಿತ್ತು. ಒರೆಸಿಕೊಳ್ಳೋಕೆ ಹೋಗಲಿಲ್ಲ. ನಮ್ಮ ಸ್ಕ್ವಾಡ್‌ನ ನಾಲ್ವರೂ ಒಟ್ಟಿಗೆ ಹಾರಿದೆವು.