ಏಳನೇ ನಂಬರ್ ಮತ್ತು ಖಾಲಿ ಬ್ರಾತ್

ಪ್ರಾಜೆಕ್ಟ್ ರಿವ್ಯೂ ದಿನ ಮೈಕ್ರೋಸ್ಕೋಪ್ ಕ್ಯಾಮೆರಾದ ವೈರು ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. ಬೇರೆ ದಿನಗಳಲ್ಲಿ ಅದು ಕೆಟ್ಟೇ ಇರುತ್ತಿತ್ತು. ಅವತ್ತೇ ನೆಟ್ಟಗೆ ಕೆಲಸ ಮಾಡಬೇಕಿತ್ತಾ?

ನನ್ನ ಕೆಲಸ ಹಣ್ಣುನೊಣದ ಹೊಟ್ಟೆ ಬಗೆಯುವುದು. ಮೀಥೈಲ್ ಯೂಜಿನಾಲ್ ಅನ್ನುವ ವಾಸನೆಯ ರಾಸಾಯನಿಕ ಹಾಕಿದ ಟ್ರ್ಯಾಪ್ ಕಟ್ಟಿದರೆ ಗಂಡು ನೊಣಗಳು ರಾಶಿ ಬೀಳುತ್ತವೆ. ಆದರೆ ಹಣ್ಣು ಕೆಡಿಸುವವಳು ಹೆಣ್ಣು. ಅವಳು ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಟ್ಟು ಹೋದಮೇಲೆ ಹುಳುವಿಗೆ ಸ್ಪ್ರೇ ತಲುಪುವುದೇ ಇಲ್ಲ. ಮೊಟ್ಟೆ ಬಲಿಯಲು ಅವಳಿಗೆ ಪ್ರೋಟೀನ್ ಬೇಕು. ಅದಕ್ಕಾಗಿ ಎಲೆ, ಹಣ್ಣಿನ ಮೇಲಿರುವ ಬ್ಯಾಕ್ಟೀರಿಯಾವನ್ನೂ ನೆಕ್ಕುತ್ತಾಳೆ. ಹಾಗಾದರೆ ಅವಳ ಕರುಳಿನ ಬ್ಯಾಕ್ಟೀರಿಯಾವನ್ನೇ ಪೋಷಕ ಸಾರು, ಅಂದರೆ ಬ್ರಾತ್‌ನಲ್ಲಿ ಬೆಳೆಸಿ, ಆ ವಾಸನೆಯಿಂದ ಅವಳನ್ನು ಟ್ರ್ಯಾಪ್‌ಗೆ ಕರೆಯಬಹುದಲ್ವಾ? ನಮ್ಮ ಪ್ರಾಜೆಕ್ಟ್ ಇಷ್ಟೇ. ಮೆಡ್‌ಫ್ಲೈ ಅನ್ನುವ ಇನ್ನೊಂದು ಹಣ್ಣುನೊಣದಲ್ಲಿ ಬೇರೊಂದು ದಾರಿಯನ್ನೂ ನೋಡಿದ್ದಾರೆ. ಸಂತತಿ ಕಡಿಮೆ ಮಾಡಲು ಗಂಡುಗಳನ್ನು ರೇಡಿಯೇಷನ್ ಕೊಟ್ಟು ಬಂಜೆ ಮಾಡಿ ಬಿಡುತ್ತಾರೆ. ಅವುಗಳ ಕರುಳಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಅದನ್ನೇ ಮತ್ತೆ ತಿನ್ನಿಸಿದರೆ ಹೆಣ್ಣಿಗಾಗಿ ಪೈಪೋಟಿ ಮಾಡುವ ಶಕ್ತಿ ಸುಧಾರಿಸುತ್ತದೆ.

ಎಡವಟ್ಟು ಶುರುವಾಗಿದ್ದು ಮರಳಿನ ಟಬ್‌ಗಳಿಂದ. ತೋಟದಲ್ಲಿ ಉದುರಿದ ಹುಳುಕು ಮಾವು ತಂದು ಮರಳಿನ ಮೇಲೆ ಇಡುತ್ತೇವೆ. ಹುಳು ಕೆಳಗಿಳಿದು ಪ್ಯೂಪಾ ಆಗುತ್ತದೆ, ಆಮೇಲೆ ನೊಣ ಹೊರಬರುತ್ತದೆ. ಮಾವು ಕಡಿಮೆಯಾಗುತ್ತಾ ಬಂದಿತ್ತು, ಒಂದು ಚೀಲ ಸೀಬೆಯೂ ಬಂತು. ಟಬ್ ಇದ್ದದ್ದು ಎರಡೇ. ಇನ್ನು ನಾಲ್ಕು ಕೇಳಿ ಹಾಕಿದ ಫೈಲು ಖರೀದಿ ವಿಭಾಗದ ಯಾವುದೋ ಮೇಜಿನ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಸೀಬೆಯನ್ನೂ ಮಾವಿನ ಜೊತೆಗೇ ಸುರಿದೆ. ಎಲ್ಲಾ ಡಾರ್ಸಾಲಿಸ್ಸೇ ಬಿಡು, ಅಂದುಕೊಂಡೆ. ಡಾರ್ಸಾಲಿಸ್ ಅಂದರೆ ಮಾವಿಗೆ ಬೀಳುವ ಹಣ್ಣುನೊಣದ ಒಂದು ಜಾತಿ.

ಬಂದ ನೊಣಗಳನ್ನು ಆಲ್ಕೋಹಾಲ್, ಹೈಪೋಕ್ಲೋರೈಟ್‌ನಲ್ಲಿ ತೊಳೆದು, ಮೂರು ಸಲ ಸ್ಟೆರೈಲ್ ನೀರಲ್ಲಿ ಅದ್ದಿ, ಕರುಳು ತೆಗೆದೆ. ಹತ್ತತ್ತು ಕರುಳು ಒಂದೊಂದು ಟ್ಯೂಬಿಗೆ. ಉಳಿದ ದೇಹ ಡಸ್ಟ್‌ಬಿನ್‌ಗೆ. ಅದರಿಂದ ಬೆಳೆದ ಬ್ಯಾಕ್ಟೀರಿಯಾ ಕಾಲೊನಿಗಳನ್ನು ಬೇರೆ ಮಾಡಿ, ನಂಬರ್ ಕೊಟ್ಟು, ಬರೀ ಸಕ್ಕರೆ ನೀರಿನಲ್ಲಿಟ್ಟ ಹೆಣ್ಣುಗಳ ಪಂಜರದಲ್ಲಿ ಒಂದೊಂದನ್ನೇ ನೋಡಿದೆ. ಕಂಟ್ರೋಲ್‌ಗೆ, ಅಂದರೆ ಹೋಲಿಸಿ ನೋಡಲು, ಬರೀ ನೀರು. ಏಳನೇ ನಂಬರಿನ ಟ್ರ್ಯಾಪ್‌ಗೆ ನೊಣ ಮುತ್ತಿದವು, ನೀರಿನದರಲ್ಲಿ ಒಂದೋ ಎರಡೋ. ಬ್ಯಾಕ್ಟೀರಿಯಾ ಯಾವುದೆಂದು ಹೇಳುವ 16ಎಸ್ ಜೀನ್ ರಿಪೋರ್ಟಿನಲ್ಲಿ ಎಂಟೆರೊಬ್ಯಾಕ್ಟರ್ ಅಂತ ಬಂತು. ಸ್ಲೈಡಿನಲ್ಲಿ ಅದರ ಹೆಸರನ್ನು ಕೆಂಪಕ್ಷರದಲ್ಲಿ ಹಾಕಿದೆ. ಪೇಪರಿನ ತಲೆಬರಹ ಕೂಡ ಮನಸ್ಸಿನಲ್ಲೇ ರೆಡಿ ಇತ್ತು.

ರಿವ್ಯೂನಲ್ಲಿ ನಾಲ್ಕನೇ ಸ್ಲೈಡಿಗೇ ಮೇಡಂ ಕೈ ಎತ್ತಿದರು.

"ಇವು ಯಾವ ಸ್ಪೀಷೀಸ್?"

"ಡಾರ್ಸಾಲಿಸ್, ಮೇಡಂ."

"ನೋಡಿದೀರಾ?"

"ಹೂಂ" ಅಂದೆ. ಆ ಒಂದು ಹೂಂ ನೆನಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ನೋಡಿರಲಿಲ್ಲ. ಮೇಡಂ ಪಂಜರದಲ್ಲಿ ಸತ್ತಿದ್ದ ನೊಣಗಳ ಡಬ್ಬಿ ತರಿಸಿದರು. ಮೊದಲನೇ ನೊಣ ಸರಿಯಿತ್ತು. ರೆಕ್ಕೆಯ ಮುಂದಿನ ಅಂಚಿಗೆ ತುದಿಯವರೆಗೆ ಸಣ್ಣ ಕಂದು ಪಟ್ಟಿ, ಮುಖದ ಮೇಲೆ ಎರಡು ಕಪ್ಪು ಚುಕ್ಕೆ. ಎರಡನೆಯದೂ ಹಾಗೇ. ಮೂರನೆಯದು ಸ್ಕ್ರೀನ್ ಮೇಲೆ ಬಂದಾಗ ರೂಮಿನಲ್ಲಿ ಫ್ಯಾನ್ ಸದ್ದು ಬಿಟ್ಟು ಏನೂ ಇರಲಿಲ್ಲ. ರೆಕ್ಕೆಯ ಪಟ್ಟಿ ಮಧ್ಯದಲ್ಲೇ ನಿಂತು, ತುದಿಯಲ್ಲಿ ಬರೀ ಒಂದು ಚುಕ್ಕೆ. ಮುಖದ ಚುಕ್ಕೆಗಳು ಕೂಡಿ ಅಡ್ಡಗೆರೆಯಾಗಿದ್ದವು. ಅದು ಕರೆಕ್ಟಾ, ಬೇರೆಯೇ ಜಾತಿಯ ಹಣ್ಣುನೊಣ. ಹಿಂದಿನಿಂದ ಯಾರೋ "ಕರೆಕ್ಟಾ ಅಂತ ಕರೆಕ್ಟಾಗಿ ಬರೆದುಕೋ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

"ಹಾಗಾದರೆ ಏಳನೇ ನಂಬರ್ ಯಾವ ನೊಣದ ಹೊಟ್ಟೆಯಿಂದ ಬಂತು?" ಅಂದರು ಮೇಡಂ. ಉತ್ತರ ಡಸ್ಟ್‌ಬಿನ್‌ನಲ್ಲಿತ್ತು. ಅದನ್ನೂ ಖಾಲಿ ಮಾಡಿ ಆಗಿತ್ತು.

ಈ ನೊಣಗಳ ವಿಷಯದಲ್ಲಿ ದೊಡ್ಡ ದೊಡ್ಡವರೇ ತಲೆ ಕೆರೆದುಕೊಂಡಿದ್ದಾರೆ ಅನ್ನುವುದೊಂದೇ ಸಮಾಧಾನ. ಇವು ಸೇರುವ ಡಾಸಿನಿ ಗುಂಪಿನಲ್ಲೇ 900ಕ್ಕೂ ಹೆಚ್ಚು ಜಾತಿಗಳಿವೆ. ಇನ್ವೇಡೆನ್ಸ್ ಅಂತ ಬೇರೆ ಹೆಸರಿಟ್ಟು ವರ್ಷಗಟ್ಟಲೆ ಓಡಿಸಿದ್ದನ್ನು 2015ರಲ್ಲಿ ಡಾರ್ಸಾಲಿಸ್‌ಗೇ ಸೇರಿಸಿದರು. ಆದರೆ ಕರೆಕ್ಟಾ ಅಂಥ ಕಷ್ಟದ ನೊಣವಲ್ಲ. ಅರ್ಧ ನಿಮಿಷ ರೆಕ್ಕೆ ನೋಡಿದ್ದರೆ ಸಾಕಿತ್ತು.

ಎರಡನೇ ಏಟು ಬಿದ್ದದ್ದು ಹೊರಗೆ, ಕೈ ತೊಳೆಯುವ ನಲ್ಲಿಯ ಹತ್ತಿರ. ಟ್ರ್ಯಾಪ್ ಕಟ್ಟುವ, ತೊಳೆಯುವ ಕೆಲಸವೆಲ್ಲ ನಮ್ಮ ಫೀಲ್ಡ್ ಅಣ್ಣನದು. ಮೀಟಿಂಗಿನಲ್ಲಿ ಅವರಿಗೆ ಕುರ್ಚಿ ಇರುವುದಿಲ್ಲ. ನನ್ನ ಮುಖ ನೋಡಿ ಸುಮ್ನೆ ಸಮಾಧಾನಕ್ಕೆ ಹೇಳುವ ಹಾಗೆ ಹೇಳಿದರು: "ಬಿಡಿ ಸಾರ್. ಮೊದಲನೇ ದಿನ ಬರೀ ಬ್ರಾತ್ ಹಾಕಿ ಅಳತೆ ನೋಡ್ತಿದ್ದೆ, ಸ್ವಲ್ಪ ಪಂಜರದಲ್ಲಿ ಚೆಲ್ಲಿತ್ತು. ಅಲ್ಲಿಗೂ ಹಿಂಗೇ ಬಂದು ಕೂತಿದ್ವು. ಇವಕ್ಕೆ ಏನಾದ್ರೂ ಆಗುತ್ತೆ."

ಕೈಗೆ ಸೋಪು ಹಚ್ಚಿಕೊಂಡು ಹಾಗೇ ನಿಂತೆ. ಬ್ರಾತ್ ಅಂದರೆ ಪೆಪ್ಟೋನ್, ಈಸ್ಟ್ ಸಾರ. ಪ್ರೋಟೀನಿಗೆ ಹಸಿದ ಹೆಣ್ಣುಗಳಿಗೆ ಅದೇ ಊಟ. ನಾನು ನೀರನ್ನು ಕಂಟ್ರೋಲ್ ಇಟ್ಟು ಬ್ಯಾಕ್ಟೀರಿಯಾಗೆ ಮಾರ್ಕ್ಸ್ ಕೊಟ್ಟಿದ್ದೆ.

"ಆವತ್ತೇ ಯಾಕೆ ಹೇಳಲಿಲ್ಲ ಅಣ್ಣಾ?"

"ನೀವು ಕೇಳಲಿಲ್ಲವಲ್ಲಾ ಸಾರ್."

ಮತ್ತೆ ಮೊದಲಿಂದ ಮಾಡಿದೆವು. ಒಂದೊಂದು ನೊಣ, ಒಂದೊಂದು ಟ್ಯೂಬ್, ರೆಕ್ಕೆ ತಲೆ ಆಲ್ಕೋಹಾಲ್‌ನಲ್ಲಿ ಭದ್ರ. ಕೊನೇ ಸಲ ತೊಳೆದ ನೀರನ್ನೂ ಪ್ಲೇಟಿಗೆ ಹಾಕಿ ನೋಡಿದೆವು, ಮೈಮೇಲಿನದೇನಾದರೂ ಉಳಿದಿದೆಯಾ ಅಂತ. ಕಂಟ್ರೋಲ್‌ಗೆ ನೀರು ಒಂದು, ಖಾಲಿ ಬ್ರಾತ್ ಒಂದು. ಫ್ರೀಜರ್‌ನಿಂದ ಏಳನೇ ನಂಬರನ್ನೂ ತೆಗೆದು ಜೊತೆಗಿಟ್ಟೆ. ಅದಕ್ಕೂ ಖಾಲಿ ಬ್ರಾತ್‌ಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹೊಸದಾಗಿ ಸಿಕ್ಕವುಗಳಲ್ಲಿ ಎರಡು ಮಾತ್ರ ಬ್ರಾತ್‌ಗಿಂತ ಜಾಸ್ತಿ ಎಳೆಯುತ್ತಿವೆ. ಅವಕ್ಕೆ ಇನ್ನೂ ಕೆಂಪಕ್ಷರ ಕೊಟ್ಟಿಲ್ಲ.

ಟಬ್‌ಗಳು ಬಂದವು, ಮಾವಿನ ಸೀಸನ್ ಮುಗಿದ ಮೇಲೆ. ಕೇಳಿದ್ದು ನಾಲ್ಕು, ಬಂದದ್ದು ಮೂರು. ಒಂದಕ್ಕೂ ಮುಚ್ಚಳ ಇಲ್ಲ.